ನೋವಾಗದ ಜಾಗ

ನೈಟಿಯ ಎಡಭಾಗದಲ್ಲಿ, ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆಗೆ, ಒಂದು ಕಾಜ ಇತ್ತು. ಅಂಗಿಯ ಗುಂಡಿ ತೂರಿಸುವಂಥ ಕಾಜವೇ. ಆದರೆ ಅದಕ್ಕೆ ಗುಂಡಿ ಇರಲಿಲ್ಲ. ಅಂಚಿಗೆ ನೈಟಿಯ ಬಣ್ಣದ್ದೇ ನೂಲು, ಒಂದಕ್ಕೊಂದು ಒತ್ತಿಕೊಂಡ ಸಣ್ಣ ಹೊಲಿಗೆ. ಮೇಲೆ ಅದೇ ಬಟ್ಟೆಯ ಒಂದು ಪುಟ್ಟ ಮುಚ್ಚಳ, ಜೇಬಿನ ಮೇಲೆ ಇರುತ್ತದಲ್ಲ, ಹಾಗೆ. ಮುಚ್ಚಳ ಎತ್ತದಿದ್ದರೆ ಅಲ್ಲೊಂದು ತೂತು ಇದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ವಾಸಣ್ಣ ಆ ಮುಚ್ಚಳವನ್ನು ಎರಡು ಬೆರಳಿನಲ್ಲಿ ಎತ್ತಿದರು. ಇನ್ಸುಲಿನ್ ಪೆನ್ನಿನ ಸೂಜಿಯನ್ನು ಕಾಜದೊಳಗೆ ನೇರವಾಗಿ ಇಳಿಸಿ, ಪೆನ್ನಿನ ತುದಿಯನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ, ತುಟಿ ಅಲ್ಲಾಡಿಸದೆ ಹತ್ತರವರೆಗೆ ಎಣಿಸಿ, ಸೂಜಿ ಹೊರತೆಗೆದು, “ಖಲಾಸ್” ಎಂದರು. ದಿವಾನದ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಕಲ್ಯಾಣಕ್ಕ, “ಆಯ್ತಾ?” ಎಂದು ಕೇಳಿ ಮತ್ತೆ ಸೊಪ್ಪಿನ ಕಡೆ ತಿರುಗಿದರು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ನಾನು ಆ ಮನೆಗೆ ಹೋದ ಮೊದಲ ದಿನ ಕಂಡದ್ದು ಇದು. ಡಿಸ್ಕವರಿ ಗಾರ್ಡನ್ಸ್‌ನ ಒಂದು ಫ್ಲ್ಯಾಟು. ನಾನು ಆಗ ದುಬೈಯಲ್ಲಿ ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆಯ ವೃದ್ಧರನ್ನು ನೋಡುವ ನರ್ಸ್ ಆಗಿದ್ದೆ. ಈಗ ಆ ಕೆಲಸ ಬಿಟ್ಟಿದ್ದೇನೆ. ಅಬುಧಾಬಿಯ ಒಂದು ಕಚೇರಿಯಲ್ಲಿ ಇನ್ಶೂರೆನ್ಸ್ ಕಾಗದಗಳನ್ನು ಪರಿಶೀಲಿಸುತ್ತೇನೆ. ನಿವೃತ್ತಳಾದೆ ಎನ್ನುವ ವಯಸ್ಸಲ್ಲ, ಆದರೆ ಆ ಕೆಲಸಕ್ಕೆ ಮರಳುವುದಿಲ್ಲ ಎಂಬುದು ಖಚಿತ. ಏಕೆ ಬಿಟ್ಟೆ ಎಂಬುದು ಈ ಬರಹಕ್ಕೆ ಬೇಕಿಲ್ಲ. ನಾನು ಓದಿದ ಮಂಗಳೂರಿನ ಕಾಲೇಜಿನಿಂದ ಈಗಷ್ಟೇ ಹೊರಬಂದ ಹುಡುಗಿಯರು, ಇಲ್ಲಿ ಹೋಂ ಕೇರ್ ಕೆಲಸ ಹೇಗಿರುತ್ತದೆ ಎಂದು ಆಗಾಗ ಮೆಸೇಜ್ ಮಾಡಿ ಕೇಳುತ್ತಾರೆ. ಸಂಬಳ, ರಜೆ, ಲೈಸೆನ್ಸ್ ಪರೀಕ್ಷೆಯ ಬಗ್ಗೆ ಹೇಳಲು ಬೇರೆ ಜನ ಇದ್ದಾರೆ. ನಾನು ಹೇಳಬಲ್ಲದ್ದು ಬೆರಳ ತುದಿಗೆ ಸಂಬಂಧಿಸಿದ್ದು. ಹೆಸರುಗಳನ್ನು ಬದಲಿಸಿದ್ದೇನೆ.

ಬೆರಳ ವಿದ್ಯೆಯನ್ನು ನನಗೆ ಕಲಿಸಿದವರು ಲಿಲ್ಲಿ ಬಾಯಿ. ನಮ್ಮ ಏಜೆನ್ಸಿಯ ಹಿರಿಯ ನರ್ಸ್, ಬಂಟ್ವಾಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ನಾನು ದಾವಣಗೆರೆಯವಳಾದ್ದರಿಂದ ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ, ಮೊದಮೊದಲು ತಮಾಷೆಯಾಗಿ ಕೇಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಜೊತೆ ಅಲ್ ಬರ್ಷಾದ ಒಂದು ಮನೆಗೆ ಹೋಗಿದ್ದೆ. ಅಲ್ಲೊಬ್ಬ ವಯಸ್ಸಾದ ಅಕೌಂಟೆಂಟ್. ಸಿರಿಂಜಿನಿಂದ ಪೆನ್ನಿಗೆ ಬದಲಾದ ಮೇಲೆ ಅವರ ಶುಗರ್ ಇಳಿಯುವುದೇ ನಿಂತುಹೋಗಿತ್ತು. ನಾನು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದೆ: ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ, ಪೆನ್ ಎಲ್ಲಿಡುತ್ತೀರಿ. ಎಲ್ಲದಕ್ಕೂ ಸರಿಯಾದ ಉತ್ತರ ಬಂತು. ಲಿಲ್ಲಿ ಬಾಯಿ ಒಂದೂ ಪ್ರಶ್ನೆ ಕೇಳಲಿಲ್ಲ. “ಹಾಕಿ ತೋರಿಸಿ ಅಂಕಲ್” ಎಂದರು. ಆ ಅಂಕಲ್ ಸೂಜಿಯ ಹೊರಗಿನ ಮುಚ್ಚಳ ತೆಗೆದು, ಒಳಗಿನ ಸಣ್ಣ ಮುಚ್ಚಳವನ್ನು ಹಾಗೇ ಬಿಟ್ಟು, ಹೊಟ್ಟೆಗೆ ಒತ್ತಿ ಹಿಡಿದರು. ಔಷಧಿಯೆಲ್ಲ ಆ ಪ್ಲಾಸ್ಟಿಕ್ಕಿನೊಳಗೇ ಉಳಿಯುತ್ತಿತ್ತು. ಬದಲಾವಣೆಯ ದಿನ ಕ್ಲಿನಿಕ್ಕಿನಲ್ಲಿ ಅವರಿಗೆ ಯಾರೂ ತೋರಿಸಿರಲಿಲ್ಲ. ಒಂದು ವೀಡಿಯೊ ಕಳಿಸಿದ್ದರಷ್ಟೆ. ನೋವೇ ಇಲ್ಲದ ಹೊಸ ಸೂಜಿ ಎಂದು ಅವರು ಊರಿಗೆಲ್ಲ ಫೋನ್ ಮಾಡಿ ಹೊಗಳಿದ್ದರು. ಲಿಫ್ಟಿನಲ್ಲಿ ಇಳಿಯುವಾಗ ನನಗೆ ನಗು ಬಂತು. ಲಿಲ್ಲಿ ಬಾಯಿ ನಗಲಿಲ್ಲ. ನೋವೇ ಇಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲು, ಮುಂದೆ ಹೋಗಬೇಡ ಎಂದರು.

ಹೊಟ್ಟೆ ಮುಟ್ಟಿ ನೋಡುವುದನ್ನೂ ಅವರೇ ಹೇಳಿಕೊಟ್ಟದ್ದು. ಬೆರಳಿಗೆ ಒಂದಿಷ್ಟು ಲೋಷನ್ ಹಚ್ಚಿಕೊಳ್ಳಬೇಕು. ಕಣ್ಣು ಮುಚ್ಚಬೇಕು, ಇಲ್ಲದಿದ್ದರೆ ಕಣ್ಣು ಬೆರಳಿನ ಕೆಲಸ ಮಾಡಲು ಬಿಡುವುದಿಲ್ಲ. ಆಮೇಲೆ ಚರ್ಮದ ಮೇಲೆ ನಿಧಾನವಾಗಿ ಜಾರಿಸುತ್ತ ಹೋಗಬೇಕು. ಒಂದೇ ಜಾಗಕ್ಕೆ ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿದರೆ ಚರ್ಮದಡಿಯ ಕೊಬ್ಬು ಊದಿ ಗಂಟಾಗುತ್ತದೆ. ಹಲವು ಬಾರಿ ಅದು ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಸಿಗುತ್ತದೆ. ಆ ಗಂಟಿನಲ್ಲಿ ನೋವು ಕಡಿಮೆ, ಆದ್ದರಿಂದ ಜನ ಅಲ್ಲಿಗೇ ಮರಳುತ್ತಾರೆ. ಆದರೆ ಅಲ್ಲಿ ಹಾಕಿದ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ಅರ್ಧಂಬರ್ಧ, ಒಂದು ದಿನ ತಡವಾಗಿ, ಒಂದು ದಿನ ಎಲ್ಲ ಒಟ್ಟಿಗೆ.

ನಮಗೆ ಒಂದು ಮನೆಗೆ ಕೊಡುತ್ತಿದ್ದ ಸಮಯ ಅರ್ಧ ಗಂಟೆ. ಮುಟ್ಟಿ ನೋಡುವುದಕ್ಕೆ ಆ ಅರ್ಧ ಗಂಟೆಯಲ್ಲಿ ಜಾಗ ಇರಲಿಲ್ಲ. ಲಿಲ್ಲಿ ಬಾಯಿ ಈ ವಿಷಯಕ್ಕೆ ಮ್ಯಾನೇಜರ್ ಜೊತೆ ಜಗಳವಾಡಿ, ಸೋತು, ಆದರೂ ಮುಟ್ಟಿ ನೋಡುತ್ತಲೇ ಇದ್ದರು. ಅವರು ಊರಿಗೆ ಮರಳಿದ ಮೇಲೆ ಏಜೆನ್ಸಿಯಲ್ಲಿ ಹಾಗೆ ಮಾಡುತ್ತಿದ್ದವಳು ನಾನೊಬ್ಬಳೇ.

ಕಲ್ಯಾಣಕ್ಕನ ಮನೆಗೆ ನನ್ನನ್ನು ಕಳಿಸಿದ್ದು ಅವರ ಮಗಳು ಶೋಭಾ ಕ್ಲಿನಿಕ್ಕಿನಲ್ಲಿ ಅತ್ತ ಮೇಲೆ. ಶೋಭಾಗೆ ಜೆಬೆಲ್ ಅಲಿಯ ಒಂದು ಸರಕು ಸಾಗಣೆ ಕಂಪೆನಿಯಲ್ಲಿ ಕೆಲಸ. ಅಪ್ಪ ಅಮ್ಮ ಇಬ್ಬರಿಗೂ ಅವಳ ಮೇಲೆಯೇ ವೀಸಾ. ಅಮ್ಮನ ಶುಗರ್ ಬೆಳಿಗ್ಗೆ ಮುನ್ನೂರು ದಾಟಿದರೆ ಸಂಜೆ ಅರವತ್ತಕ್ಕೆ ಇಳಿಯುತ್ತಿತ್ತು. ಡಾಕ್ಟರು ಡೋಸ್ ಏರಿಸುತ್ತ ಬಂದಿದ್ದರು. ಒಮ್ಮೆ ಕಲ್ಯಾಣಕ್ಕ ಬಾತ್‌ರೂಮಿನಲ್ಲಿ ತಲೆ ತಿರುಗಿ ಬಿದ್ದಿದ್ದರು. ಕಿಡ್ನಿಯೂ ದುರ್ಬಲವಾಗಿತ್ತು. ಇನ್ನೊಮ್ಮೆ ಶುಗರ್ ತೀರ ಕೆಳಗಿಳಿದರೆ ಈ ವಯಸ್ಸಿನ ಮಿದುಳು ತಡೆದುಕೊಳ್ಳಲಿಕ್ಕಿಲ್ಲ ಎಂದು ಡಾಕ್ಟರು ಶೋಭಾಳಿಗೆ ನೇರವಾಗಿಯೇ ಹೇಳಿದ್ದರು.

ವಾಸಣ್ಣ ಟೈಲರ್. ಊರು ಕಾಪು. ಅಲ್ ಮುರಕ್ಕಬಾತಿನ ಒಂದೇ ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಬಾಯಾ, ಬ್ಲೌಸು, ಶಾಲೆಯ ಯೂನಿಫಾರಂ ಹೊಲಿದವರು. ಕಣ್ಣು ಮಂಜಾದ ಮೇಲೆ ಅಂಗಡಿ ಬಿಟ್ಟರು. ಈಗ ಅವರ ಕೈಯಲ್ಲಿ ಉಳಿದಿದ್ದ ಕೆಲಸವೆಂದರೆ ಹೆಂಡತಿಗೆ ಬೆಳಿಗ್ಗೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ ಇನ್ಸುಲಿನ್ ಹಾಕುವುದು. ಅದನ್ನು ಅವರು ಅಂಗಡಿಯ ಕೆಲಸದಷ್ಟೇ ಶಿಸ್ತಿನಿಂದ ಮಾಡುತ್ತಿದ್ದರು. ಪ್ರತಿ ಸಲ ಹೊಸ ಸೂಜಿ. ಮೊಂಡು ಸೂಜಿಯಲ್ಲಿ ಬಟ್ಟೆಯನ್ನೇ ಹೊಲಿಯುವುದಿಲ್ಲ, ಹೆಂಡತಿಗೆ ಚುಚ್ಚುವುದುಂಟೇ ಎಂದು ಅವರೇ ನನಗೆ ಹೇಳಿದರು. ನಾನು ತಂದಿದ್ದ ಪಟ್ಟಿಯಲ್ಲಿ ಗುರುತು ಹಾಕಬೇಕಾದದ್ದೆಲ್ಲ ಸರಿ ಇತ್ತು. ಕಾಜದ ಬಗ್ಗೆ ಪಟ್ಟಿಯಲ್ಲಿ ಏನೂ ಇರಲಿಲ್ಲ.

ಅದು ಏಕೆ ಎಂದು ಕೇಳಿದೆ. ಒಂದೇ ಬೆಡ್‌ರೂಮಿನ ಮನೆ; ಅಪ್ಪ ಅಮ್ಮ ಮಲಗುವುದು ಹಾಲಿನಲ್ಲಿ. ಅಳಿಯ ಓಡಾಡುವ ಜಾಗದಲ್ಲಿ ನೈಟಿ ಮೇಲೆತ್ತುವುದು ಕಲ್ಯಾಣಕ್ಕನಿಗೆ ಆಗದ ಮಾತು. ದಿನಕ್ಕೆರಡು ಸಲ ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದೂ ಅವರಿಗೆ ಮುಜುಗರ. ಹಾಗಾಗಿ ವಾಸಣ್ಣ ಎಲ್ಲ ನೈಟಿಗಳಿಗೂ ಕಾಜ ತೆಗೆದಿದ್ದರು, ಎಲ್ಲವಕ್ಕೂ ಅಳತೆ ಹಿಡಿದು ಅದೇ ಜಾಗದಲ್ಲಿ.

“ಊರ ಹೆಂಗಸರ ಅಳತೆ ಎಲ್ಲ ತೆಗೆದವರು ಇವರು,” ಎಂದರು ಕಲ್ಯಾಣಕ್ಕ. “ನನ್ನ ಬ್ಲೌಸ್ ಮಾತ್ರ ಯಾವತ್ತೂ ಟೈಟ್ ಮಾರಾಯ್ತಿ. ಸರಿಯಾಗಿ ಹೊಲಿದು ಕೊಟ್ಟದ್ದು ಅಂತ ಇದ್ರೆ ಈ ತೂತೊಂದೇ.”

“ನೀನು ತಿಂಗಳಿಗೊಂದು ಸೈಜ್ ಆದ್ರೆ ನಾನು ಎಂತ ಮಾಡ್ಲಿ?” ಎಂದರು ವಾಸಣ್ಣ.

ನಾನು ಬಾಗಿಲಿಗೆ ಚಿಲಕ ಹಾಕಿಸಿ, ಲೋಷನ್ ಹಚ್ಚಿಕೊಂಡು, ಕಣ್ಣು ಮುಚ್ಚಿ ಮುಟ್ಟಿದೆ. ಗಂಟು ಸರಿಯಾಗಿ ಕಾಜದ ಕೆಳಗೇ ಇತ್ತು. ಅರ್ಧ ನಿಂಬೆಹಣ್ಣನ್ನು ಬೋರಲು ಹಾಕಿದಷ್ಟು, ರಬ್ಬರಿನ ಹಾಗೆ. ಕಲ್ಯಾಣಕ್ಕನ ಹೊಟ್ಟೆಯ ಉಳಿದ ಭಾಗದಲ್ಲಿ ಸೂಜಿಯ ಒಂದು ಗುರುತೂ ಇರಲಿಲ್ಲ.

“ಬೇರೆ ಕಡೆ ಹಾಕಿದ್ರೆ ಇವಳಿಗೆ ನೋವಾಗ್ತದೆ ಸಿಸ್ಟರ್,” ಎಂದರು ವಾಸಣ್ಣ. “ಸುರುವಿಗೆ ಎಲ್ಲ ಕಡೆ ಹಾಕಿ ನೋಡಿದ್ದೇನೆ. ಹುಡುಕಿ ಹುಡುಕಿ ಸಿಕ್ಕಿದ ಜಾಗ ಇದು.”

ಕಂಡದ್ದನ್ನು ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಹೊಸಬರು ಇದನ್ನು ಗಮನಿಸಬೇಕು. ಗಂಟಿನಿಂದ ಒಳ್ಳೆಯ ಜಾಗಕ್ಕೆ ಬದಲಾಯಿಸಿದ ದಿನವೇ ಡೋಸನ್ನೂ ಇಳಿಸಬೇಕಾಗಬಹುದು. ಎಷ್ಟು ಎಂಬುದನ್ನು ಡಾಕ್ಟರು ಹೇಳಬೇಕು. ಏಕೆಂದರೆ ಏರಿಸಿಟ್ಟ ಆ ಡೋಸು ಗಂಟಿಗೆಂದು ಏರಿಸಿದ್ದು. ಅಷ್ಟನ್ನೂ ಒಳ್ಳೆಯ ಕೊಬ್ಬಿಗೆ ಹಾಕಿದರೆ ಅದು ಪೂರ್ತಿ ರಕ್ತಕ್ಕೆ ಸೇರುತ್ತದೆ. ಡಾಕ್ಟರು ಒಪ್ಪಿ ಡೋಸ್ ಇಳಿಸಿದರು. ಹೊಟ್ಟೆಯ ಬಲಭಾಗ, ಎರಡೂ ತೊಡೆ, ಸರದಿಯ ಮೇಲೆ, ಬೆರಳಗಲ ಬಿಟ್ಟು ಬಿಟ್ಟು ಎಂದು ನಾನು ತೋರಿಸಿಕೊಟ್ಟೆ.

ವಾಸಣ್ಣ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, “ಅಂದ್ರೆ ಇಷ್ಟು ವರ್ಷ ನಾನೇ ಹಾಳು ಮಾಡಿದ್ದು,” ಎಂದರು. ಯಾರೂ ಹೇಳಿಕೊಡದಿದ್ದರೆ ಎಲ್ಲರೂ ಮಾಡುವುದೇ ಅದು ಎಂದೆ. ಅದು ನಿಜವೇ ಆಗಿತ್ತು, ಆದರೆ ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಎರಡನೆಯ ಭೇಟಿ ವಾರದ ನಂತರ. ಬಲಭಾಗಕ್ಕೆ ಹಾಕುವಾಗ ಕಲ್ಯಾಣಕ್ಕನ ಮುಖ ಕಿವುಚಿತು. ಬಾಯಿಂದ ಸದ್ದು ಬರಲಿಲ್ಲ, ಹುಬ್ಬು ಮಾತ್ರ ಗಂಟಿಕ್ಕಿತು. ವಾಸಣ್ಣ ಪೆನ್ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಬಿಟ್ಟರು. ಔಷಧಿ ಅರ್ಧ ಹೊರಗೆ ಚೆಲ್ಲಿತು. ನಿಮ್ಮ ಓದಿನಲ್ಲಿ ನೋವಾಗದ ಜಾಗ ಯಾವುದು ಎಂದು ಬರೆದಿಲ್ಲವೇ ಎಂದು ನನ್ನನ್ನು ಕೇಳಿದರು. ಇನ್ನೂ ಗಿಡ್ಡ ಸೂಜಿ ತರಿಸಿಕೊಟ್ಟೆ. ಫ್ರಿಜ್ಜಿನಿಂದ ತೆಗೆದ ಪೆನ್ನನ್ನು ತಣ್ಣಗಿರುವಾಗಲೇ ಚುಚ್ಚಿದರೆ ಹೆಚ್ಚು ಉರಿಯುತ್ತದೆ, ಬಳಸುತ್ತಿರುವ ಪೆನ್ ಹೊರಗೇ ಇರಲಿ ಎಂದೆ. ಇದರಿಂದ ನೋವು ಕಡಿಮೆಯಾಯಿತು. ಇಲ್ಲವಾಗಲಿಲ್ಲ.

ಶೋಭಾಗೆ ತಾಳ್ಮೆ ಕೆಟ್ಟಿತ್ತು. “ಅಪ್ಪ, ಅಮ್ಮನಿಗೆ ಸ್ವಲ್ಪ ನೋವಾದ್ರೂ ಪರವಾಗಿಲ್ಲ. ನಿಮಗೆ ಆಗುದಿಲ್ಲಾಂದ್ರೆ ಹೇಳಿ, ದಿನಾ ಬರ್ಲಿಕ್ಕೆ ಒಬ್ರು ನರ್ಸ್ ಇಡ್ತೇನೆ,” ಎಂದಳು. ವಾಸಣ್ಣ ಬಳಸಿದ ಸೂಜಿಯನ್ನು ಪೆನ್ನಿನಿಂದ ಬಿಚ್ಚಿದರು. ಆ ಮನೆಯಲ್ಲಿ ಅವರಿಗಿದ್ದ ಒಂದೇ ಕೆಲಸ ಈ ಇನ್ಸುಲಿನ್. ಅದನ್ನು ಕಿತ್ತುಕೊಳ್ಳುವ ಮಾತು ಅವರ ಕಿವಿಗೆ ಹೇಗೆ ಬಿದ್ದಿತೆಂದು ನಾನು ನೋಡಿದೆ. ಶೋಭಾ ನೋಡಲಿಲ್ಲ, ಅವಳು ಆಫೀಸಿನ ಫೋನ್ ಬಂತೆಂದು ಬಾಲ್ಕನಿಗೆ ಹೋಗಿದ್ದಳು.

ಮೂರನೆಯ ಭೇಟಿಯೇ ಕೊನೆಯದು; ಇನ್ಶೂರೆನ್ಸ್ ಮಂಜೂರು ಮಾಡಿದ್ದು ಮೂರನ್ನೇ. ಆ ದಿನ ವಾಸಣ್ಣ ತಾವಾಗಿಯೇ ನೈಟಿಗಳನ್ನು ತಂದು ತೋರಿಸಿದರು. ಎಲ್ಲ ಕಾಜಗಳನ್ನೂ ಒಳಗಿನಿಂದ ತುಂಡು ಬಟ್ಟೆ ಕೊಟ್ಟು ಮುಚ್ಚಿದ್ದರು. ಹೊಲಿಗೆ ಎಷ್ಟು ನವುರಾಗಿತ್ತೆಂದರೆ ಬೆರಳಿಗೂ ತಡೆಯುತ್ತಿರಲಿಲ್ಲ. ಶುಗರ್ ಸ್ಥಿರವಾಗಿತ್ತು. ಕಲ್ಯಾಣಕ್ಕನ ಮುಖದಲ್ಲಿ ಕಳೆ ಬಂದಿತ್ತು. ಮಧ್ಯಾಹ್ನ ನಿದ್ದೆ ಬರುವುದು ನಿಂತಿದೆ, ಧಾರಾವಾಹಿಯ ಕಥೆ ಈಗ ತಲೆಗೆ ಹತ್ತುತ್ತದೆ ಎಂದರು. ಅಪ್ಪ ಇಲ್ಲದ ಹೊತ್ತಿಗೆ ಬೇಕಾಗುತ್ತದೆಂದು ಶೋಭಾ ತಾನೂ ಕಲಿಯುತ್ತೇನೆ ಎಂದಳು. ಅವಳಿಗೆ ತೊಡೆಗೆ ಹಾಕುವುದನ್ನು ತೋರಿಸಿದೆ. ಒಂದೇ ಸಲಕ್ಕೆ ಕಲಿತಳು. ವಾಸಣ್ಣ ಕಿಟಕಿಯ ಬಳಿ ನಿಂತು, “ನಾನಿರುವಾಗ ಅವಳಿಗೆ ಯಾಕೆ ಅದೆಲ್ಲ,” ಎಂದು ಗೊಣಗಿದರು. ಹೊರಡುವಾಗ ಕಲ್ಯಾಣಕ್ಕ ನನ್ನ ಬ್ಯಾಗಿಗೆ ಒಂದು ಡಬ್ಬಿ ಹುರಿದ ಗೋಡಂಬಿ ಹಾಕಿದರು. ನಮ್ಮ ನಿಯಮದ ಪ್ರಕಾರ ತೆಗೆದುಕೊಳ್ಳಬಾರದು. ತೆಗೆದುಕೊಂಡೆ.

ಅದಾದ ಮೇಲೆ ಆ ಮನೆ ನನ್ನ ಸರದಿಯಲ್ಲಿ ಇರಲಿಲ್ಲ. ಎರಡೂವರೆ ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಶೋಭಾ ಫೋನ್ ಮಾಡಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಎಚ್ಚರವಾಗುತ್ತಿಲ್ಲ ಎಂದಳು.

ಕೆಲಸ ಮುಗಿಸಿ ಆಸ್ಪತ್ರೆಗೆ ಹೋದೆ. ಶೋಭಾ ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತಿದ್ದಳು. ನಡೆದದ್ದನ್ನು ಕ್ರಮವಾಗಿ ಹೇಳಿದಳು. ಅಷ್ಟರಲ್ಲಾಗಲೇ ಹಲವರಿಗೆ ಹೇಳಿದ್ದಳೆಂದು ಧ್ವನಿಯಿಂದ ತಿಳಿಯುತ್ತಿತ್ತು. ಕೆಲವು ವಾರಗಳಿಂದ ಅಮ್ಮನ ಶುಗರ್ ಮತ್ತೆ ಏರತೊಡಗಿತ್ತು. ಡಾಕ್ಟರನ್ನು ಫೋನಿನಲ್ಲೇ ಕಂಡರು. ಅವರು ಡೋಸ್ ಏರಿಸಿದರು, ಮತ್ತೊಮ್ಮೆ ಏರಿಸಿದರು. ಅದು ಹಳೆಯ ಡೋಸಿಗೆ ಬಂದು, ಅದನ್ನೂ ದಾಟಿತು. ಹಿಂದಿನ ಸಂಜೆ ಅಪ್ಪ ಅಲ್ ಮುರಕ್ಕಬಾತಿಗೆ ಹೋಗಿದ್ದರು. ಅವರು ದುಡಿದ ಅಂಗಡಿ ಮುಚ್ಚುತ್ತಿತ್ತು. ಹಳೆಯ ಟೈಲರುಗಳನ್ನೆಲ್ಲ ಕೊನೆಯದಾಗಿ ಚಹಾಕ್ಕೆ ಕರೆದಿದ್ದರು. ಬರುವುದು ತಡವಾಯಿತು. ಅಮ್ಮನಿಗೆ ಹಸಿವಾಗಿತ್ತು. ಶೋಭಾ ತಾನೇ ಹಾಕಿದಳು.

“ನೀವು ತೋರಿಸಿದ ಹಾಗೇ ಹಾಕಿದ್ದು ಸಿಸ್ಟರ್. ತೊಡೆಗೆ. ಡೋಸ್ ಎರಡು ಸಲ ಚೆಕ್ ಮಾಡಿದ್ದೇನೆ. ಹತ್ತು ಎಣಿಸಿದ್ದೇನೆ. ಊಟವೂ ಸರಿಯಾಗಿ ಮಾಡಿದ್ರು. ನಾನು ಎಂತ ತಪ್ಪು ಮಾಡಿದೆ ಹೇಳಿ.”

ಬೆಳಕು ಹರಿಯುವಾಗ ಅಮ್ಮನನ್ನು ಎಬ್ಬಿಸಲು ಹೋದವಳಿಗೆ ಮೈ ಬೆವರಿನಲ್ಲಿ ತೊಯ್ದದ್ದು, ಕರೆದರೆ ಕಣ್ಣು ಬಿಡದಿದ್ದದ್ದು ಕಂಡಿತ್ತು. ವಯಸ್ಸಾದವರಿಗೆ ಶುಗರ್ ಇಳಿಯುವಾಗ ನಡುಕ, ಹಸಿವು ಎಲ್ಲ ಮೊದಲಿನಷ್ಟು ಜೋರಾಗಿ ಬರುವುದಿಲ್ಲ. ನಿದ್ದೆಯಲ್ಲಿ ಇಳಿದರೆ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ.

ಯಾವುದೋ ಕಾಗದಕ್ಕೆ ಸಹಿ ಹಾಕಲು ಶೋಭಾಳನ್ನು ಒಳಗೆ ಕರೆದರು. ಅಮ್ಮನ ಬಟ್ಟೆ ತುಂಬಿದ ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗೆ ಕೊಟ್ಟು ಹೋದಳು. ಮೇಲೆಯೇ ಇದ್ದದ್ದು ತಿಳಿ ನೀಲಿ ನೈಟಿ. ಮಡಚಿಡಲೆಂದು ತೆಗೆದೆ. ಎಡಭಾಗದ ಕಾಜ ತೆರೆದಿತ್ತು. ಒಳಗೆ ಕೊಟ್ಟಿದ್ದ ತುಂಡು ಬಟ್ಟೆಯನ್ನು ಬಿಚ್ಚಿ, ಅಂಚಿಗೆ ಮತ್ತೆ ಹೊಲಿಗೆ ಹಾಕಿದ್ದರು. ನೂಲು ಈ ಸಲ ಒಂದು ಛಾಯೆ ಗಾಢವಾಗಿತ್ತು. ಹೊಲಿಗೆ ಮೊದಲಿನಷ್ಟು ಒತ್ತಾಗಿರಲಿಲ್ಲ. ಕಣ್ಣು ಮಂಜಾದವರು ಹಾಕಿದ್ದೆಂದು ತಿಳಿಯುತ್ತಿತ್ತು.

ಶುಗರ್ ಏಕೆ ಏರಿತೆಂದು ನನಗೆ ಅರ್ಥವಾಯಿತು. ಏರಿಸಿದ ಡೋಸು ಮತ್ತೆ ಗಂಟಿಗೇ ಹೋಗುತ್ತಿತ್ತು. ಆ ಮನೆಯಲ್ಲಿ ಆ ಡೋಸನ್ನು ಮೊದಲ ಬಾರಿ ಒಳ್ಳೆಯ ಜಾಗಕ್ಕೆ ಹಾಕಿದವಳು ಶೋಭಾ.

ವಾಸಣ್ಣ ಕಾರಿಡಾರಿನ ಕೊನೆಯಲ್ಲಿ, ನೀರಿನ ಯಂತ್ರದ ಪಕ್ಕ ನಿಂತಿದ್ದರು. ನನ್ನ ಕೈಯಲ್ಲಿದ್ದ ನೈಟಿಯನ್ನು ನೋಡಿದರು. ನಾನು ಕೇಳುವ ಮೊದಲೇ ಹೇಳತೊಡಗಿದರು.

ನಾನು ಹೋದ ಮೇಲೆ ಕೆಲವು ದಿನ ಹೇಳಿದ ಹಾಗೇ ಹಾಕಿದರಂತೆ. ಪ್ರತಿ ಸಲ ಹೆಂಡತಿಯ ಹುಬ್ಬು ಗಂಟಿಕ್ಕುವುದನ್ನು ನೋಡಲಾಗದೆ ಒಂದು ದಿನ, ಒಂದೇ ದಿನ ಎಂದುಕೊಂಡು ಹಳೆಯ ಜಾಗಕ್ಕೆ ಹಾಕಿದರಂತೆ. ಅವಳು ಆ ದಿನ ಟಿವಿ ನೋಡುತ್ತಲೇ ಇದ್ದಳಂತೆ. ಮರುದಿನವೂ ಅದೇ ಆಯಿತು. ಶುಗರ್ ಏರಿತೆಂದು ಮಗಳು ಹೇಳಿದಾಗ ತಾನು ಹೇಳಿಬಿಡಬೇಕಿತ್ತು. ಹೇಳಿದರೆ ಕೆಲಸ ಕೈತಪ್ಪಿ ನರ್ಸು ಬರುತ್ತಾಳೆ ಎಂದು ಸುಮ್ಮನಿದ್ದರಂತೆ. ಇದನ್ನೆಲ್ಲ ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು.

“ನಿನ್ನೆ ಸಂಜೆ ಮೆಟ್ರೋದಿಂದ ಶೋಭಾಗೆ ಫೋನ್ ಮಾಡಿದೆ. ನಾನು ಬರುವವರೆಗೆ ಹಾಕಬೇಡ ಅಂತ ಹೇಳಿದೆ. ಯಾಕೆ ಅಂತ ಹೇಳ್ಲಿಲ್ಲ. ಬರುವಾಗ ಇವಳು ಊಟಕ್ಕೆ ಕೂತಾಗಿತ್ತು. ಎಲ್ಲಿಗೆ ಹಾಕಿದ್ದು ಅಂತ ಕೇಳಿದೆ. ತೊಡೆಗೆ ಅಂತ ಶೋಭಾ ಹೇಳಿದ್ಲು.”

“ಆಮೇಲೆ?”

“ಮಲಗುವಾಗ ಒಂದು ಗ್ಲಾಸ್ ಮಾವಿನ ಜ್ಯೂಸ್ ಕುಡಿಸಿದೆ. ಇವಳು ಬೈದಳು, ಶುಗರಿನವಳಿಗೆ ಜ್ಯೂಸ್ ಕೊಡ್ತೀರಾ, ತಲೆ ಸರಿ ಉಂಟಾ ಅಂತ. ನಾನು ಸಾಕಾದೀತು ಅಂದ್ಕೊಂಡೆ. ಪಕ್ಕದಲ್ಲೇ ಕೂತಿದ್ದೆ ಸಿಸ್ಟರ್. ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ.”

ಜ್ಯೂಸಿನ ಸಕ್ಕರೆ ಕರಗಿಹೋಗಲು ಹೆಚ್ಚು ಹೊತ್ತು ಬೇಡ. ಅವರು ಹಾಕುತ್ತಿದ್ದ ಇನ್ಸುಲಿನ್ ಬೆಳಗಿನವರೆಗೂ ಕೆಲಸ ಮಾಡುವಂಥದ್ದು. ಇದನ್ನು ನಾನು ಹೇಳಲಿಲ್ಲ. ಡಾಕ್ಟರಿಗೆ ಮಾತ್ರ ಗಂಟಿನ ವಿಷಯ ಈಗಲೇ ತಿಳಿಯಬೇಕು, ಇಲ್ಲದಿದ್ದರೆ ಮುಂದಿನ ಡೋಸೂ ತಪ್ಪುತ್ತದೆ ಎಂದೆ. ಅವರು ತಲೆಯಾಡಿಸಿದರು. ನಾನೇ ಹೋಗಿ ಕರ್ತವ್ಯದಲ್ಲಿದ್ದ ಡಾಕ್ಟರಿಗೆ ಹೇಳಿ ಬಂದೆ. ಮಗಳಿಗೆ ಹೇಳುವ ಮಾತು ಎತ್ತಿದಾಗ ಅವರು ನೀರಿನ ಯಂತ್ರವನ್ನು ನೋಡುತ್ತ ನಿಂತರು. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸುವುದು ನನಗೆ ಬರುವುದಿಲ್ಲ, ಅದು ನನ್ನ ಸ್ವಭಾವವಲ್ಲ.

ಕಲ್ಯಾಣಕ್ಕ ಬದುಕಿದರು. ಕೆಲವು ದಿನಗಳ ಮೇಲೆ ಕಣ್ಣು ತೆರೆದರು. ವಾರ್ಡಿಗೆ ತಂದರು. ಆದರೆ ತೆರೆದ ಕಣ್ಣು ಯಾರ ಮೇಲೂ ನಿಲ್ಲಲಿಲ್ಲ. ಬಾಯಿಗೆ ಚಮಚ ತಾಗಿದರೆ ನುಂಗುತ್ತಿದ್ದರು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಿದುಳಿಗೆ ಸಕ್ಕರೆ ಇಲ್ಲದೆ ಕಳೆದ ಹೊತ್ತು ಹೆಚ್ಚಾಯಿತು, ಇನ್ನು ಎಷ್ಟು ಮರಳುತ್ತದೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದರು. ನಾನು ಕೆಲಸ ಮುಗಿದ ಮೇಲೆ ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಹಾಗೆ ಹೋಗುವುದೂ ನಮ್ಮ ನಿಯಮದಲ್ಲಿರಲಿಲ್ಲ.

ಶೋಭಾ ತೆಳ್ಳಗಾಗಿದ್ದಳು. ಸೂಜಿ ಹಿಡಿದ ನರ್ಸು ಮಂಚದ ಬಳಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಡಾಕ್ಟರು ಡೋಸು ಹೆಚ್ಚಾಯಿತು ಎಂದಷ್ಟೇ ಹೇಳಿದ್ದರು. ಅವಳು ಅದನ್ನು ತನ್ನ ಕೈಯ ತಪ್ಪೆಂದು ತಿಳಿದಿದ್ದಳು. ಪೆನ್ನಿನ ಅಂಕಿಯನ್ನು ತಪ್ಪು ಓದಿರಬೇಕು ಎಂದು ಒಮ್ಮೆ ಹೇಳಿದರೆ, ಎರಡು ಸಲ ಒತ್ತಿರಬೇಕು ಎಂದು ಇನ್ನೊಮ್ಮೆ ಹೇಳುತ್ತಿದ್ದಳು. ತಾನು ಮಾಡದ್ದನ್ನೆಲ್ಲ ಒಂದೊಂದಾಗಿ ಮಾಡಿದ್ದೇನೆಂದು ನಂಬತೊಡಗಿದ್ದಳು. ವಾಸಣ್ಣ ಅದನ್ನು ಕೇಳುತ್ತ ಮಂಚದ ಕಾಲ ಬಳಿ ಕೂತಿರುತ್ತಿದ್ದರು.

ಅಂಥ ಒಂದು ಸಂಜೆ ಅವರು ನನ್ನ ಹಿಂದೆ ಲಿಫ್ಟಿನವರೆಗೆ ಬಂದರು. ವಾರ್ಡಿನಲ್ಲಿ ಆಗಷ್ಟೇ ಕಲ್ಯಾಣಕ್ಕನಿಗೆ ಇನ್ಸುಲಿನ್ ಹಾಕಿದ್ದರು, ತೋಳಿಗೆ.

“ಈಗ ಎಲ್ಲಿಗೆ ಹಾಕಿದ್ರೂ ಅವಳ ಮುಖದಲ್ಲಿ ಎಂತದೂ ಇಲ್ಲ,” ಎಂದರು. “ಶೋಭಾ ಊಟ ಮಾಡುದಿಲ್ಲ ಸಿಸ್ಟರ್. ರಾತ್ರಿಯಿಡೀ ಆ ಖಾಲಿ ಪೆನ್ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡ್ತಾಳೆ. ಅವಳಿಗೆ ಹೇಳ್ಬೇಕು. ನನ್ನ ಬಾಯಿಂದ ಬರುದಿಲ್ಲ. ನೀವು ಹೇಳಿ.”

ಲಿಫ್ಟು ಬಂತು. ನಾನು ಹತ್ತಲಿಲ್ಲ.

“ನಾನು ಹೊರಗೆ ಹೋಗುದಿಲ್ಲ. ಅಲ್ಲೇ ನಿಲ್ತೇನೆ,” ಎಂದರು.

ಇಂಥದ್ದಕ್ಕೆ ತರಬೇತಿಯಲ್ಲಿ ಏನೂ ಹೇಳಿಕೊಟ್ಟಿರುವುದಿಲ್ಲ. ಜಾಗ ಬದಲಿಸಿ, ಸೂಜಿ ಬದಲಿಸಿ, ಡೋಸು ಬದಲಾದರೆ ಚುಚ್ಚುವವರಿಗೆ ಮಾತ್ರವಲ್ಲ, ಮನೆಯವರಿ‌ಗೆಲ್ಲ ಏಕೆಂದು ತಿಳಿಸಿ ಎಂದು ನಾನು ಹೊಸಬರಿಗೆ ಹೇಳಬಲ್ಲೆ. ವರ್ಷಗಟ್ಟಲೆ ಒಬ್ಬರ ನೋವನ್ನು ತಪ್ಪಿಸುತ್ತ ಬಂದವರ ಕೈಯಿಂದ ಆ ಸೂಜಿಯನ್ನು ಹೇಗೆ ಬಿಡಿಸಬೇಕು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿದ್ದವರು ಲಿಲ್ಲಿ ಬಾಯಿ ಇರಬಹುದು. ಆ ಸಂಜೆ ಅವರಿಗೆ ಫೋನ್ ಮಾಡಬೇಕೆನಿಸಿತು, ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮೊದಲ ಮನೆಗೆ ತಡವಾಗಿ ಬರುತ್ತೇನೆಂದು ತಿಳಿಸಿ ವಾರ್ಡಿಗೆ ಹೋದೆ. ಶೋಭಾ ಆಫೀಸಿನ ಬಟ್ಟೆಯಲ್ಲೇ ಇದ್ದಳು. ವಾಸಣ್ಣ ಹೇಳಿದ ಹಾಗೆ ಮಂಚದ ಕಾಲ ಬಳಿ ನಿಂತಿದ್ದರು. ನಾನು ಅವಳ ಬಲಗೈಗೆ ಲೋಷನ್ ಹಚ್ಚಿ, ಕಣ್ಣು ಮುಚ್ಚಲು ಹೇಳಿ, ಬೆರಳುಗಳನ್ನು ಅವಳ ಅಮ್ಮನ ಹೊಟ್ಟೆಯ ಬಲಭಾಗದಿಂದ ಎಡಕ್ಕೆ ನಿಧಾನವಾಗಿ ಜಾರಿಸಿದೆ. ಗಂಟಿನ ಅಂಚು ಸಿಕ್ಕಾಗ ಅವಳ ಬೆರಳು ನಿಂತಿತು. ಅದು ಏನು, ಅಲ್ಲಿಗೆ ಹೋದ ಔಷಧಿ ಏನಾಗುತ್ತದೆ, ಡೋಸು ಏಕೆ ಏರಿತು, ಎಷ್ಟು ಏರಿತ್ತು, ಆ ಸಂಜೆ ತೊಡೆಗೆ ಹಾಕಿದಾಗ ಏನಾಯಿತು ಎಂಬುದನ್ನು ಒಂದಾದ ಮೇಲೊಂದು ಹೇಳಿದೆ. ನೀನು ಪೆನ್ನಿನ ಅಂಕಿಯನ್ನು ಸರಿಯಾಗಿಯೇ ಓದಿದ್ದೆ ಎಂದೆ. ಜ್ಯೂಸಿನ ವಿಷಯ ಹೇಳಲಿಲ್ಲ.

ಅವಳು ಕಣ್ಣು ತೆರೆದಳು. ಕೈಯನ್ನು ಅಲ್ಲಿಂದ ತೆಗೆಯದೆ ಅಪ್ಪನ ಕಡೆ ನೋಡಿದಳು.

“ಅಪ್ಪ, ಆ ದಿನ ಒಳಗೆ ಬಂದವರು ಮೊದಲು ಕೇಳಿದ್ದೇ ಎಲ್ಲಿಗೆ ಹಾಕಿದ್ದು ಅಂತ.”

“ಹೌದು,” ಎಂದರು ವಾಸಣ್ಣ.

ನಾನು ಮಂಚದ ಸುತ್ತಲಿನ ಪರದೆ ಎಳೆದು ಹೊರಗೆ ನಿಂತೆ. ಬೆಳಗಿನ ಇನ್ಸುಲಿನ್ ಹಾಕಲು ವಾರ್ಡಿನ ನರ್ಸು ಟ್ರೇ ಹಿಡಿದು ಬಂದಳು. ಸ್ವಲ್ಪ ತಡೆಯಿರಿ ಎಂದು ಅವಳನ್ನು ಅಲ್ಲಿಯೇ ನಿಲ್ಲಿಸಿದೆ.